ತೇನೆಹಕ್ಕಿಯ ಮೊಟ್ಟೆ ಸರಿಸಿದವಳು

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಯೂ ತೊಟ್ಟಿಲಿಗೆ ಬಾರದ ಕಾಲದಲ್ಲಿ, ನಮ್ಮೂರು ತೊಂಡೇಗಾಲದಲ್ಲಿ ಸಿದ್ದಾಜಮ್ಮ ಅಂತ ಒಬ್ಬಳಿದ್ದಳಂತೆ. ಕೆರೆಯ ಜೊಂಡು ಕೊಯ್ದು ಚಾಪೆ ಹೆಣೆಯುವವಳು. ದಿನಾ ಬೆಳಗ್ಗೆ ಕೆರೆಯಂಗಳದಲ್ಲಿ ಕುಡುಗೋಲು ಮಡಿಲಲ್ಲಿಟ್ಟುಕೊಂಡು ಹಕ್ಕಿ ನೋಡುತ್ತ ಕೂತುಬಿಡುತ್ತಿದ್ದಳಂತೆ. ಯಾವ ಬಾತು ಹೊಸದಾಗಿ ಬಂತು, ಯಾವ ಕೊಕ್ಕರೆ ಕುಂಟುತ್ತಿದೆ, ಎಲ್ಲ ಅವಳಿಗೆ ಗೊತ್ತು. ಗಂಡ ಊಟಕ್ಕೆ ಕೂಗಿದರೆ ಕೇಳದ ಕಿವಿಗೆ ಗುಳುಮುಳುಕ ಹಕ್ಕಿ ನೀರಲ್ಲಿ ಮುಳುಗಿದ ಸದ್ದು ಕೇಳುತ್ತದೆ ಅಂತ ಊರವರು ನಗುತ್ತಿದ್ದರಂತೆ.

ಊರಿಗೆ ಮಳೆ ಹೇಳುತ್ತಿದ್ದುದು ತೇನೆಹಕ್ಕಿ. ನೆಲದಲ್ಲೇ ಮೊಟ್ಟೆಯಿಡುವ ಹಕ್ಕಿ ಅದು. ತಗ್ಗಿನಲ್ಲಿಟ್ಟರೆ ಮಳೆ ಕಡಿಮೆ, ಕೆರೆ ಏರಿಯ ಮೇಲಿಟ್ಟರೆ ಏರಿಯೇ ಒಡೆಯುವಷ್ಟು ಮಳೆ. ಅದರ ಮೊಟ್ಟೆ ಮುಟ್ಟಿದವರಿಗೆ ಕೆರೆ ನೀರು ಕೊಡಕೂಡದು ಅಂತ ಕಟ್ಟಳೆ ಬೇರೆ.

ಒಂದು ವರ್ಷ ತೇನೆಹಕ್ಕಿ ಎಮ್ಮೆಗಳು ನೀರಿಗಿಳಿಯುವ ತಗ್ಗು ದಾರಿಯಲ್ಲೇ ನಾಲ್ಕು ಮೊಟ್ಟೆಯಿಟ್ಟಿತಂತೆ. ಸಿದ್ದಾಜಮ್ಮನಿಗೆ ಕರುಳು ಚುರುಕ್ಕೆಂದಿತು. ಹಕ್ಕಿ ಎದ್ದುಹೋದ ಹೊತ್ತು ನೋಡಿ ಮೊಟ್ಟೆಗಳನ್ನು ಒಂದು ಮೊಳ ಮೇಲಕ್ಕೆ ಸರಿಸಿದಳಂತೆ. ಹಕ್ಕಿ ಬಂದು ಕಾವಿಗೆ ಕೂತಿತು. ಎಮ್ಮೆಗಳು ಮೇಯುತ್ತ ಅಲ್ಲಿಗೂ ಬಂದವು. ಮಾರನೆಯ ದಿನ ಇನ್ನೊಂದು ಮೊಳ, ಅದರ ಮಾರನೆಯ ದಿನ ಮತ್ತೊಂದು ಮೊಳ. ಹೀಗೇ ಸರಿಸುತ್ತ ಸರಿಸುತ್ತ ಮೊಟ್ಟೆಗಳು ಏರಿ ಹತ್ತಿದವಂತೆ. ಪಾಪ, ಅವಳಿಗೆ ಮರಿಗಳ ಚಿಂತೆಯೇ ಹೊರತು ಮಳೆಯ ನೆನಪೇ ಇರಲಿಲ್ಲ.

ಒಂದು ದಿನ ಜೊಂಡಿನ ಹೊರೆ ಹೊತ್ತು ಬರುತ್ತಾಳೆ, ಕೆರೆಯ ತೂಬಿನಿಂದ ನೀರು ಭೋರೆಂದು ಹರಿದುಹೋಗುತ್ತಿದೆ! ತೂಬು ಕಾಯುವ ನೀರಗಂಟಿ ಜವರಯ್ಯನನ್ನು ಯಾಕೆಂದು ಕೇಳಿದಳು. ತೇನೆಹಕ್ಕಿ ಏರಿ ಮೇಲೆ ಮೊಟ್ಟೆಯಿಟ್ಟಿದೆ, ಕೆರೆ ಒಡೆದು ಕೆಳಕೇರಿ ಕೊಚ್ಚಿಹೋಗುವ ಮೊದಲೇ ಖಾಲಿ ಮಾಡುತ್ತಿದ್ದೇವೆ ಎಂದನಂತೆ.

ಅವಳ ಹೊರೆ ಜಾರಿ ಬಿತ್ತು. ಬೇಸಿಗೆ ಮುಗಿಯಲು ಇನ್ನೂ ಎರಡು ತಿಂಗಳಿದೆ, ಊರಿಗೆಲ್ಲ ಕುಡಿಯಲು ಅದೊಂದೇ ನೀರು. ಬಾಯಿ ಬಿಟ್ಟರೆ ತನಗೆ ನೀರು ನಿಲ್ಲುತ್ತದೆ. ಆದರೂ ಕೂಗಿಯೇ ಕೂಗಿದಳಂತೆ.

“ತೂಬು ಮುಚ್ಚು ಜವರಣ್ಣೋ! ಅದ ಹಕ್ಕಿ ಮಡಗಿದ್ದಲ್ಲ ಕನಣ್ಣೋ, ನಾನು ಮಡಗಿದ್ದು!”

ಯಾರೂ ನಂಬಲಿಲ್ಲ. ಮನುಷ್ಯ ಮುಟ್ಟಿದ ಮೊಟ್ಟೆಗೆ ಹಕ್ಕಿ ಕೂರುವುದುಂಟೇ ಅಂತ ಗದರಿಸಿದರಂತೆ. ಅವಳು ಸೀದಾ ಏರಿ ಹತ್ತಿ, ಊರ ಕಣ್ಣೆದುರೇ ನಾಲ್ಕೂ ಮೊಟ್ಟೆ ಎತ್ತಿ ಒಂದು ಮೊಳ ಆಚೆ ಇಟ್ಟು ಹಿಂದೆ ಸರಿದಳಂತೆ. ಹಕ್ಕಿ ಅರಚುತ್ತ ಮೂರು ಸುತ್ತು ಹಾಕಿ ಬಂದು ಕೂತೇಬಿಟ್ಟಿತು. ಊರಿಗೆ ಊರೇ ಬಾಯಿ ತೆರೆದು ನಿಂತಿತಂತೆ. ಜವರಯ್ಯ ಓಡಿಹೋಗಿ ತೂಬು ಮುಚ್ಚಿದ. ಅರ್ಧ ಕೆರೆ ಉಳಿಯಿತು.

ಆ ವರ್ಷ ಮಳೆ ಬರಲೇ ಇಲ್ಲವಂತೆ. ಆ ಅರ್ಧ ಕೆರೆ ಕುಡಿದೇ ಊರು ಜೀವ ಹಿಡಿಯಿತು. ಆದರೆ ಕೇಳಿ, ಹೇಳಲು ನನಗೇ ನಾಚಿಕೆ. ತೂಬು ಮುಚ್ಚಿದ ದಿನವೇ ಸಂಜೆ ಸಿದ್ದಾಜಮ್ಮ ಕೊಡ ಹಿಡಿದು ಬಂದರೆ ನಮ್ಮ ಹಿರಿಯರು ಕಟ್ಟಳೆ ಕಟ್ಟಳೆಯೇ ಅಂತ ಅಡ್ಡ ನಿಂತರಂತೆ! ಅವಳು ಖಾಲಿ ಕೊಡ ಎತ್ತಿಕೊಂಡು, ಗಂಡನ ಜೊತೆ ಊರು ಬಿಟ್ಟು ಹೋದವಳು ಮತ್ತೆ ಬರಲಿಲ್ಲವಂತೆ.

ಇವತ್ತಿಗೂ ತೊಂಡೇಗಾಲದಲ್ಲಿ ತೇನೆಹಕ್ಕಿಯ ಮೊಟ್ಟೆ ಕಂಡರೆ ಯಾರೂ ಮೊದಲು ಮಳೆಯ ಮಾತೆತ್ತುವುದಿಲ್ಲ. ಊರಿನ ಹಿರಿಯರೊಬ್ಬರು ತುಂಬಿದ ಕೊಡ ಹೊತ್ತು ಏರಿಗೆ ಹೋಗಿ ನಿಲ್ಲುತ್ತಾರೆ. “ಯಾರಾದ್ರೂ ಸರಿಸಿದ್ರೆ ಯೋಳ್ರವ್ವಾ, ನೀರು ಕೊಡ್ತೀವಿ,” ಅಂತ ಮೂರು ಸಲ ಕೂಗುತ್ತಾರೆ.