ಗುರುತಿಲ್ಲದ ದುಪ್ಪಟಿ

ಬಹಳ ಹಿಂದೆ, ನಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲದಲ್ಲಿ, ತಾವರೆಗುಂಟೆ ಅನ್ನುವ ಊರಲ್ಲಿ ಮಾಚಕ್ಕ ಅನ್ನುವ ಮಡಿವಾಳಗಿತ್ತಿ ಇದ್ದಳಂತೆ. ದುಪ್ಪಟಿ ಮೂಸಿ ನೋಡಿ, ಅದು ಯಾರ ಮನೆಯದು, ಅದರಡಿ ಯಾರು ಅತ್ತರು ಅಂತ ಹೇಳಿಬಿಡುತ್ತಿದ್ದಳಂತೆ. ಇರಬಹುದು. ಊರಿನ ಕೊಳೆಯನ್ನೆಲ್ಲ ಕೈಯಲ್ಲಿ ಹಿಡಿದವಳಿಗೆ ಊರು ಗೊತ್ತಿರುವುದಿಲ್ಲವೇ?

ಆಗ ಎಮ್ಮೆ ತಪ್ಪಿಸಿಕೊಂಡರೆ ಜನ ಮೂರು ಊರು ಹುಡುಕುತ್ತಿದ್ದರು. ಅಪ್ಪ ಅಮ್ಮ ಸತ್ತ ಹುಡುಗರನ್ನು ಮಾತ್ರ ಚಿಕ್ಕಪ್ಪಂದಿರು ಹೊಲ ಇಟ್ಟುಕೊಂಡು ಹೊರಗಟ್ಟುತ್ತಿದ್ದರು. ಮೀಸೆ ಮೂಡದ ಹುಡುಗರು, ಮದುವೆಯಾಗದ ಹುಡುಗಿಯರು ದಾರಿಗುಂಟ ಬರುತ್ತಿದ್ದರು. ಅವರನ್ನು ಕಂಡೊಡನೆ ಬಾಗಿಲು ಮುಚ್ಚುತ್ತಿದ್ದವು.

ಒಂದು ಮಾಗಿಯ ಬೆಳಿಗ್ಗೆ ಮಾಚಕ್ಕ ಕೆರೆಗೆ ಹೋದರೆ, ಬಟ್ಟೆ ಬೇಯಿಸುವ ಒಲೆಯ ಬೂದಿಯೊಳಗೆ ಕಾಲು ಹುದುಗಿಸಿಕೊಂಡು ಒಬ್ಬ ಹುಡುಗಿ ಕೂತಿದ್ದಳು. ಹೆಸರು ನಿಂಗಿ. ಮಲತಂದೆ ಹೊಡೆದು ಓಡಿಸಿದ್ದ. ಮಾಚಕ್ಕ ಅವಳನ್ನು ತನ್ನ ಗುಡಿಸಲಿಗೆ ಕರೆದೊಯ್ದಳು. ಆಮೇಲೆ ಇಬ್ಬರು ಬಂದರು, ಆಮೇಲೆ ನಾಲ್ವರು ಬಂದರು. ಗುಡಿಸಲಲ್ಲಿ ಕಾಲು ಚಾಚಲು ಜಾಗವಿಲ್ಲದಾಯಿತು.

ಒಗೆದ ಬಟ್ಟೆ ಕೊಟ್ಟು ಮುದ್ದೆ ಸಾರು ಈಸಿಕೊಳ್ಳಲು ಅವಳು ದಿನಾ ಸಂಜೆ ಮನೆಮನೆಗೆ ಹೋಗುವವಳೇ. ಅವತ್ತು ಮೊದಲ ಮನೆಯ ಬಾಗಿಲಲ್ಲಿ ನಿಂತು, ನಿಂಗಿಗೆ ಒಂದು ರಾತ್ರಿ ಜಾಗ ಕೇಳಿದಳು.

“ಹಾಸೋಕೆ ಏನೂ ಇಲ್ಲ ಕಣೇ ಮಾಚಕ್ಕ,” ಅಂದಳು ಆ ಮನೆಯಾಕೆ.

“ನಿಮ್ಮನೇಲಿ ಜನ ನಾಲ್ಕು, ದುಪ್ಪಟಿ ಹನ್ನೊಂದು. ಒಗೆಯೋಳು ನಾನಲ್ವಾ ಅವ್ವಾ? ಮಿಕ್ಕ ಏಳನ್ನ ಇಲಿ ಹೊದ್ಕೊತಾವಾ?”

ಆಕೆಗೆ ನಗು ಬಂತು, ಹಿಂದೆಯೇ ನಾಚಿಕೆ ಬಂತು. ಬಾಗಿಲು ತೆರೆಯಿತು. ಮಾಚಕ್ಕನೆದುರು ಹಾಸಿಗೆಯಿಲ್ಲ ಅನ್ನುವ ಸುಳ್ಳು ಆಮೇಲೆ ಯಾರೂ ಹೇಳಲಿಲ್ಲವಂತೆ.

ಮನೆಮನೆಯ ಬಟ್ಟೆಗೂ ಕೇರುಬೀಜದ ಕಪ್ಪು ರಸದಲ್ಲಿ ಅವಳು ಒಂದೊಂದು ಗುರುತು ಹಾಕುತ್ತಿದ್ದಳು. ಒಂದೇ ಒಂದು ದುಪ್ಪಟಿಗೆ ಹಾಕಲಿಲ್ಲ. ಅದು ಯಾರ ಮನೆಯ ಒಗೆದ ಬಟ್ಟೆಯ ಗಂಟಿನ ಮೇಲೆ ಬರುತ್ತದೋ, ಆ ರಾತ್ರಿಯ ಸರದಿ ಅವರದು. ಬಂದ ಮಗು ಉಂಡು ಮಲಗಬೇಕು. ಯಾರ ಮಗ, ಯಾವ ಜಾತಿ ಅಂತ ಬೆಳಗಾಗುವ ತನಕ ಕೇಳಬಾರದು. ನಿಂಗಿಯೂ ಹಾಗೇ ಸರದಿ ಮನೆಗಳಲ್ಲಿ ಮಲಗಿ, ಹಗಲು ಮಾಚಕ್ಕನ ಜೊತೆ ಒಗೆಯುತ್ತಿದ್ದಳು.

ಒಂದು ರಾತ್ರಿ ನಿಂಗಿಯನ್ನು ಮಲಗಿಸುವ ಸರದಿ ಕೆಂಚಣ್ಣಗೌಡನ ಮನೆಗೆ ಬಂತು. ಊರಲ್ಲೇ ದೊಡ್ಡ ಮನೆ, ಹದಿನಾರು ಕಂಬದ್ದು. ಗೌಡ ದುಪ್ಪಟಿಯನ್ನು ಅಂಗಳದ ಕೆಸರಿಗೆ ಎಸೆದ. “ನನ್ನ ಮನೆ ಏನು ಛತ್ರವೇನೇ?” ಅಂದ. ಹದಿನಾರು ಕಂಬದ ಮನೆಯ ಗೋಡೆಯಾಚೆ ಇಬ್ಬನಿಯಲ್ಲಿ ನೆನೆದ ನಿಂಗಿ ಒಂಬತ್ತು ದಿನ ಜ್ವರದಲ್ಲಿ ಬೆಂದಳು. ಮಾಚಕ್ಕ ಊರಿನ ಬಟ್ಟೆಯೆಲ್ಲ ಒಗೆದಳು, ಆ ದುಪ್ಪಟಿಯೊಂದನ್ನು ಒಗೆಯದೆ ಹಾಗೇ ಮಡಿಸಿಟ್ಟಳು.

ಗೌಡನ ಮಗಳ ಮದುವೆ ಬಂತು. ಮದುಮಗ ನಡೆದು ಬರುವ ದಾರಿಗೆ ಮಡಿವಾಳರು ಮಡಿಬಟ್ಟೆ ಹಾಸಬೇಕು. ಅದಕ್ಕೆ ನಡೆಮಡಿ ಅನ್ನುತ್ತಾರೆ. ಅದಿಲ್ಲದೆ ಮದುಮಗ ನೆಲಕ್ಕೆ ಕಾಲಿಡುವಂತಿಲ್ಲ. ಮದುಮಗನ ಕುದುರೆ ಊರಬಾಗಿಲಿಗೆ ಬಂದು ನಿಂತಿತು. ಮಾಚಕ್ಕ ನಡೆಮಡಿ ಹಾಸದೆ ಕೈಕಟ್ಟಿ ನಿಂತಳು.

ಗೌಡ ಎರಡು ಚೀಲ ರಾಗಿ ಕೊಡುತ್ತೇನೆ ಅಂದ. ಸೀರೆ ಕೊಡುತ್ತೇನೆ ಅಂದ. ಕೊನೆಗೆ, “ಊರು ಬಿಡಿಸ್ತೀನಿ!” ಅಂದ.

“ಬಿಡಿಸಿ ಗೌಡರೇ. ನಾಳೆ ನಾನೇ ಸೂರಿಲ್ಲದೋಳಾಗಿ ನಿಮ್ಮ ಬಾಗಿಲಿಗೆ ಬರ್ತೀನಿ.”

ಹಾಗಂದು ಕೆಸರು ಒಣಗಿದ ಆ ದುಪ್ಪಟಿ ಅವನ ಮುಂದೆ ಹಿಡಿದಳು. “ಇದನ್ನ ನಿಮ್ಮ ಕೈಯಾರೆ ಒಗೆದು, ನಿಮ್ಮ ನಡುಮನೇಲಿ ಹಾಸಿ. ನಿಂಗಿ ಅಲ್ಲಿ ಮಲಗಲಿ. ಆಮೇಲೆ ನಾನು ಹಾಸ್ತೀನಿ.”

ಜರಿಪೇಟ ಸುತ್ತಿದ ಗೌಡ ಕೆರೆಗಿಳಿದು ದುಪ್ಪಟಿ ಕುಕ್ಕಿದನಂತೆ. ಅದು ಒಣಗುವಷ್ಟರಲ್ಲಿ ಮದುಮಗನ ಕುದುರೆ ನಿಂತಲ್ಲೇ ನಿದ್ದೆ ಹೋಯಿತಂತೆ. ನಿಂಗಿ ಹದಿನಾರು ಕಂಬದ ನಡುವೆ ಮೈಚಾಚಿದ ಮೇಲೇ ಮಾಚಕ್ಕ ನಡೆಮಡಿ ಬಿಚ್ಚಿದಳಂತೆ. ಗೌಡ ಮನಸ್ಸು ಕರಗಿ ಅತ್ತ ಅಂತಲೂ ಹೇಳುತ್ತಾರೆ. ಅಳಲಿ, ಬಿಡಲಿ. ಆ ಹುಡುಗಿಗೆ ಬೇಕಾಗಿದ್ದದ್ದು ಸೂರು, ಗೌಡನ ಕಣ್ಣೀರಲ್ಲ.

ಇವತ್ತಿಗೂ ತಾವರೆಗುಂಟೆಯಲ್ಲಿ ಸರದಿ ಮನೆಯ ಜಗಲಿ ಮೇಲೆ ಗುರುತಿಲ್ಲದ ದುಪ್ಪಟಿಯೊಂದು ನೇತಾಡುತ್ತದೆ. ದಾರಿಯಲ್ಲಿ ಬಂದ ಹುಡುಗರು ಬಾಗಿಲು ತಟ್ಟುವುದಿಲ್ಲ, ಅದನ್ನು ನೋಡಿ ಒಳಗೆ ಹೋಗುತ್ತಾರೆ. ಮದುವೆಯ ದಿನ ಹೆಣ್ಣಿನ ಅಪ್ಪ ಆ ದುಪ್ಪಟಿಯನ್ನು ತಾನೇ ಒಗೆದು, ತನ್ನ ನಡುಮನೆಯಲ್ಲಿ ಹಾಸುತ್ತಾನೆ. ಅದನ್ನು ಹಾಸುವ ತನಕ, ಎಂಥ ದೊಡ್ಡ ಮನೆಯ ಮದುಮಗನಾದರೂ ಊರಬಾಗಿಲಲ್ಲಿ ಬಿಸಿಲಿಗೆ ಕಾಯುತ್ತಾನೆ.