ಒಂಬತ್ತಕ್ಕೆ ಒಂಬತ್ತು

"ಗುರುಗಳೇ, ಯಾರ ಪಕ್ಷವನ್ನೂ ವಹಿಸದವನ ಮೇಲೆ ಎರಡು ಪಕ್ಷದವರೂ ಸಿಟ್ಟಾಗುವುದು ಯಾವ ನ್ಯಾಯ?"

ಶಿಷ್ಯನ ಪ್ರಶ್ನೆಯಲ್ಲಿ ದೂರಿನ ದನಿಯಿತ್ತು. ಹಿಂದಿನ ದಿನ ಅವನ ಇಬ್ಬರು ಸಹಪಾಠಿಗಳು ಜಗಳವಾಡಿಕೊಂಡು ತೀರ್ಮಾನಕ್ಕೆಂದು ಅವನ ಬಳಿ ಬಂದಿದ್ದರು. ಅವನು ಇಬ್ಬರ ಮಾತನ್ನೂ ಕೇಳಿ, ಇಬ್ಬರಿಗೂ ಸಮಸಮವಾಗಿ ತಪ್ಪು ಹಂಚಿ ಕಳಿಸಿದ್ದ. ಬೆಳಗಾಗುವಷ್ಟರಲ್ಲಿ ಇಬ್ಬರೂ ಅವನ ಜೊತೆ ಮಾತು ಬಿಟ್ಟಿದ್ದರು. ತಮ್ಮತಮ್ಮಲ್ಲಿ ಮಾತ್ರ ಚೆನ್ನಾಗಿಯೇ ಮಾತಾಡಿಕೊಳ್ಳುತ್ತಿದ್ದರು. ಅದನ್ನು ಕಂಡು ಅವನಿಗೆ ಇನ್ನಷ್ಟು ಮೈ ಉರಿದಿತ್ತು.

ಗುರುಗಳು ಕೂರಲು ಹೇಳಿದರು.

"ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಹನ್ನೊಂದು ಜನ ಗೆಳೆಯರಿದ್ದರು. ಎಲ್ಲರೂ ನಲವತ್ತು ದಾಟಿದವರು, ಹೊಟ್ಟೆ ಬಂದವರು. ಆದರೂ ಬೇಸಿಗೆ ಬಂತೆಂದರೆ ಪ್ರತಿ ಭಾನುವಾರ ಬೆಳಿಗ್ಗೆ, ಮುಚ್ಚಿಹೋದ ಹತ್ತಿ ಜಿನ್ನಿನ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಸೇರಿ ಕ್ರಿಕೆಟ್ ಆಡುತ್ತಿದ್ದರು. ಚೆಂಡು ಪ್ಲಾಸ್ಟಿಕ್ಕಿನದು, ಮೈತುಂಬ ತೂತು. ಎಷ್ಟು ಜೋರಾಗಿ ಬಾರಿಸಿದರೂ ಸ್ವಲ್ಪ ದೂರ ಹೋಗಿ ಸುಸ್ತಾಗಿ ಬೀಳುತ್ತಿತ್ತು. ಹಾಗಾಗಿ ಯಾರ ಮನೆಯ ಗಾಜೂ ಒಡೆಯುತ್ತಿರಲಿಲ್ಲ, ಯಾರ ಹಲ್ಲೂ ಉದುರುತ್ತಿರಲಿಲ್ಲ. ಒಂದು ಬೇಸಿಗೆಗೆ ಒಂಬತ್ತು ಆಟ. ಹೆಚ್ಚು ಗೆದ್ದ ತಂಡದ ನಾಯಕನ ಹೆಸರನ್ನು ಜಿನ್ನಿನ ಸುಣ್ಣದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆಯುವುದು. ಕಪ್ಪಿಲ್ಲ, ಹಾರವಿಲ್ಲ, ಅಷ್ಟೇ ಬಹುಮಾನ. ಮಳೆಗೆ ಮಾಸಿದ ಹಳೆಯ ಹೆಸರುಗಳನ್ನು ಪ್ರತಿ ವರ್ಷ ತಿದ್ದಿ ಕೆಂಪು ಮಾಡುತ್ತಿದ್ದರು.

ಒಂದು ತಂಡಕ್ಕೆ ಬೇಕರಿಯವನೊಬ್ಬ ನಾಯಕ. ಇನ್ನೊಂದಕ್ಕೆ ದರ್ಜಿಯೊಬ್ಬ. ಗೋಡೆಯ ಮೇಲೆ ಏಳು ವರ್ಷದ ಏಳು ಹೆಸರಿದ್ದವು. ಏಳೂ ಬೇಕರಿಯವನದೇ.

ಐದು ಜನ ಈ ಕಡೆ, ಐದು ಜನ ಆ ಕಡೆ ಹೋದರೆ ಒಬ್ಬ ಉಳಿಯುತ್ತಾನೆ. ಹಾಗೆ ಉಳಿಯುತ್ತಿದ್ದವನು ಒಬ್ಬ ಸರ್ವೇಯರ್. ಅಂಥವನನ್ನು ಇಂಥ ಆಟಗಳಲ್ಲಿ ಕಾಮನ್ ಎನ್ನುತ್ತಾರೆ. ಅವನು ಎರಡೂ ತಂಡಕ್ಕೆ ಬ್ಯಾಟ್ ಹಿಡಿಯಬೇಕು, ಅದೂ ಕೊನೆಯವನಾಗಿ. ಮಿಕ್ಕ ಹೊತ್ತು ಯಾರು ಚೆಂಡು ಹಾಕುತ್ತಾರೋ ಅವರ ಪರವಾಗಿ ಚೆಂಡು ತಡೆಯಬೇಕು. ಕೆಲವು ಊರುಗಳಲ್ಲಿ ಇದೇ ಆಸಾಮಿಯನ್ನು ಜೋಕರ್ ಎಂದೂ ಕರೆಯುವುದುಂಟು. ಮೊದಲ ವರ್ಷ, ಪಿಚ್ಚನ್ನು ತಾನೇ ಅಳೆದುಕೊಟ್ಟ ದಿನ, ಯಾರೋ ಹಾಗೆ ಕರೆದದ್ದಕ್ಕೆ ಸರ್ವೇಯರ್ ಆಟ ನಿಲ್ಲಿಸಿದ್ದ.

"ಜೋಕರ್ ಅನ್ನಬೇಡಿ. ಎರಡೂ ಕಡೆಯವನು ಅನ್ನಿ."

"ಆಯ್ತು ಬಿಡಿ ಸಾಹೇಬ್ರೇ" ಎಂದಿದ್ದ ಬೇಕರಿಯವನು. "ಪಿಚ್ಚಂತೂ ಅಳೆದುಬಿಟ್ರಿ. ಪಹಣಿ ಯಾರ ಹೆಸರಿಗೆ ಬರ್ಕೊಂಡ್ರಿ?"

ಎಲ್ಲರೂ ನಕ್ಕರು. ಸರ್ವೇಯರ್ ನಗಲಿಲ್ಲ. ಅವನ ಕೆಲಸವೇ ಅಂಥದ್ದು. ಇಬ್ಬರು ಹಿಡುವಳಿದಾರರ ನಡುವೆ ನಿಂತು ಗಡಿ ಗುರುತಿಸಬೇಕು. ಇಪ್ಪತ್ತು ವರ್ಷದ ಕೆಲಸದಲ್ಲಿ ಅವನು ಈ ಕಡೆಯವರ ಎಳನೀರನ್ನೂ ಕುಡಿದವನಲ್ಲ, ಆ ಕಡೆಯವರ ಮಜ್ಜಿಗೆಯನ್ನೂ ಮುಟ್ಟಿದವನಲ್ಲ. ಬಿಸಿಲಲ್ಲಿ ಬಾಯಾರಿದರೆ ಮನೆಯಿಂದ ತಂದ ನೀರು ಕುಡಿಯುತ್ತಿದ್ದ. ಅವನ ಅಳತೆಯ ಮೇಲೆ ಯಾರೂ ತಕರಾರು ತೆಗೆದಿರಲಿಲ್ಲ. ಈ ಒಂದು ಮಾತನ್ನು ಅವನು ಮನಸ್ಸಿನಲ್ಲಿ ಆಗಾಗ ಹೇಳಿಕೊಳ್ಳುತ್ತಿದ್ದ.

ಈ ಆಟದಲ್ಲೂ ಅವನು ಅದನ್ನೇ ನಡೆಸಿದ. ಒಂದು ಕಡೆಗೆ ಎಷ್ಟು ರನ್ ಹೊಡೆಯುತ್ತಾನೋ, ಇನ್ನೊಂದು ಕಡೆಗೂ ಅಷ್ಟೇ ಹೊಡೆಯುವುದು. ಮೊದಲು ಆಡಿದ ತಂಡಕ್ಕೆ ಆರು ಬಂದರೆ, ಎರಡನೆಯ ತಂಡಕ್ಕೆ ಆರಾದ ಕೂಡಲೇ ಬ್ಯಾಟು ಎತ್ತದೆ ನಿಲ್ಲುವುದು. ಒಂದು ಕಡೆಗೆ ಬೇಗ ಔಟಾಗಿಬಿಟ್ಟರೆ ಆ ವಾರವೆಲ್ಲ ಅವನಿಗೆ ಚಡಪಡಿಕೆ. ಮುಂದಿನ ಭಾನುವಾರ ಇನ್ನೊಂದು ಕಡೆಗೂ ಬೇಗ ಔಟಾಗಿ ಸರಿದೂಗಿಸಿದ ಮೇಲೆಯೇ ಅವನಿಗೆ ಅನ್ನ ರುಚಿಸುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಸಾಹೇಬ್ರು ಒಂದೊಂದು ಸಲ ಚೆನ್ನಾಗಿ ಹೊಡೆಯುತ್ತಾರೆ, ಒಂದೊಂದು ಸಲ ಕೈ ಕಟ್ಟಿದಂತಾಗುತ್ತಾರೆ ಎಂದುಕೊಂಡು ಮಿಕ್ಕವರು ಸುಮ್ಮನಿದ್ದರು.

ಎಂಟನೆಯ ಬೇಸಿಗೆಯ ಹೊತ್ತಿಗೆ ದರ್ಜಿಯ ಕಣ್ಣು ಮಂಜಾಗತೊಡಗಿತ್ತು. ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಸೂಜಿಗೆ ದಾರ ಪೋಣಿಸುವ ಕೆಲಸ ಹೆಂಡತಿಯ ಪಾಲಿಗೆ ಬಂದಿತ್ತು. ಮೊದಲ ಆಟದ ದಿನವೇ ಅವನು ಎಲ್ಲರ ಎದುರು ಹೇಳಿಬಿಟ್ಟ.

"ನೋಡ್ರಪ್ಪ, ಮುಂದಿನ ವರ್ಷದ ಮಾತು ನನಗೆ ಗೊತ್ತಿಲ್ಲ. ಈ ಗೋಡೆ ಮೇಲೆ ನನ್ನ ಹೆಸರು ಒಂದೇ ಒಂದು ಸಲ ಬರಬೇಕು. ಬರೆದದ್ದನ್ನ ಓದೋವಷ್ಟು ಕಣ್ಣಿರುವಾಗ ಬರಬೇಕು."

"ಬರುತ್ತೆ ಬಿಡೋ, ದೊಡ್ಡಕ್ಷರದಲ್ಲಿ ಬರೆಸೋಣ. ಆದ್ರೆ ಗೆದ್ದು ಬರೆಸ್ಕೊ. ಬಿಟ್ಟಿ ಬರೆಯಲ್ಲ" ಎಂದ ಬೇಕರಿಯವನು.

"ಬಿಟ್ಟಿ ಯಾರಿಗೆ ಬೇಕೋ? ನಿನ್ನ ನಿನ್ನೆಯ ಬನ್ನಾ ಅದು?" ಎಂದ ದರ್ಜಿ.

ಎಂಟು ಆಟ ಮುಗಿದಾಗ ನಾಲ್ಕು ಅವರದು, ನಾಲ್ಕು ಇವರದು. ಸರ್ವೇಯರನ ರನ್ನುಗಳೂ ಅಲ್ಲಿಯವರೆಗೆ ಎರಡೂ ಕಡೆಗೆ ಸರಿಸಮ. ಒಂಬತ್ತನೆಯ ಆಟ ಉಳಿದಿತ್ತು.

ಅಂದು ಬೇಕರಿಯವನ ತಂಡ ಮೊದಲು ಆಡಿ ಅರವತ್ತೊಂದು ಮಾಡಿತು. ಅದರಲ್ಲಿ ಸರ್ವೇಯರ್ ಹೊಡೆದದ್ದು ಒಂಬತ್ತು. ಆಮೇಲೆ ದರ್ಜಿಯ ತಂಡ ಆಡಿತು. ಒಬ್ಬೊಬ್ಬರಾಗಿ ಔಟಾಗಿ ಕೊನೆಗೆ ಇಬ್ಬರು ಉಳಿದರು, ದರ್ಜಿ ಮತ್ತು ಸರ್ವೇಯರ್. ಕೊನೆಯ ಓವರ್ ಶುರುವಾದಾಗ ಗೆಲ್ಲಲು ಎಂಟು ರನ್ ಬೇಕಿತ್ತು. ಬ್ಯಾಟು ಸರ್ವೇಯರನ ಕೈಯಲ್ಲಿತ್ತು, ಮೂರು ರನ್ ಹೊಡೆದಿದ್ದ. ಚೆಂಡು ಹಾಕುತ್ತಿದ್ದವನು ಬೇಕರಿಯವನೇ.

ಮೊದಲ ಚೆಂಡನ್ನು ಸರ್ವೇಯರ್ ಗೋಡೆಗೆ ಮುಟ್ಟಿಸಿದ. ನಾಲ್ಕು ರನ್. ಎರಡನೆಯದನ್ನು ಮುಳ್ಳುಗಿಡದ ಕಡೆಗೆ ತಳ್ಳಿ ಎರಡು ಓಡಿದ. ದರ್ಜಿ ಮಂಜುಗಣ್ಣಿನಲ್ಲೇ ಎಡವುತ್ತ ಓಡಿ ಬಂದು, ಏದುಸಿರು ಬಿಡುತ್ತ ಅವನ ಬೆನ್ನು ತಟ್ಟಿದ. ಇನ್ನು ನಾಲ್ಕು ಚೆಂಡಿಗೆ ಎರಡು ರನ್.

ಆದರೆ ಸರ್ವೇಯರನ ಒಂಬತ್ತು ಅಲ್ಲಿಗೆ ತುಂಬಿತ್ತು.

ಗಡಿಗಲ್ಲು ನೆಟ್ಟು ಎರಡೂ ಕಡೆಯವರು ಸಹಿ ಹಾಕಿದ ಮೇಲೆ ಆಗುವ ನೆಮ್ಮದಿ ಅವನ ಎದೆಯಲ್ಲಿ ಇಳಿಯಿತು. ಮೂರನೆಯ ಚೆಂಡನ್ನು ಅವನು ಕಾಲಬುಡದಲ್ಲೇ ನಿಲ್ಲಿಸಿದ. ದರ್ಜಿ ಅರ್ಧ ದಾರಿ ಓಡಿಬಂದಿದ್ದ. "ಹೋಗಿ, ಹೋಗಿ" ಎಂದು ಕೈಯಾಡಿಸಿ ಸರ್ವೇಯರ್ ಅವನನ್ನು ಹಿಂದೆ ಕಳಿಸಿದ. ಒಂದು ರನ್ ಓಡಿದರೂ ಸಾಕು, ದರ್ಜಿಯ ಕೈಗೆ ಬ್ಯಾಟು ಸಿಗುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಆ ಒಂದು ರನ್ ತನ್ನ ಹತ್ತನೆಯದಾಗುತ್ತದೆ ಎಂಬುದೂ ಗೊತ್ತಿತ್ತು. ನಾಲ್ಕನೆಯದನ್ನು ನಿಲ್ಲಿಸಿದ. ಐದನೆಯದು ಯಾರು ಬೇಕಾದರೂ ಬಾರಿಸಬಹುದಾದಷ್ಟು ಸುಲಭವಾಗಿ ಬಂತು. ಅದನ್ನೂ ನಿಲ್ಲಿಸಿದ.

"ಸಾಹೇಬ್ರೇ, ಮುಟ್ಟಿಸಿ ಓಡ್ರೀ! ಬರ್ತೀನಿ ನಾನು, ಬಿದ್ದಾದ್ರೂ ಬರ್ತೀನಿ!" ಎಂದು ದರ್ಜಿ ಕೂಗಿಕೊಂಡ.

ಆರನೆಯ ಚೆಂಡೂ ಸರ್ವೇಯರನ ಕಾಲಬುಡದಲ್ಲೇ ಸತ್ತುಬಿತ್ತು. ಅರವತ್ತು. ಒಂದು ರನ್ನಿನ ಸೋಲು.

ಬೇಕರಿಯವನ ಕಡೆಯವರು ಕುಣಿದರು. ದರ್ಜಿ ನಿಧಾನವಾಗಿ ನಡೆದು ಬಂದ.

"ಯಾಕ್ರೀ ಓಡಲಿಲ್ಲ? ಕಾಲು ಹಿಡ್ಕೊಂತಾ?"

"ಕಾಲು ಚೆನ್ನಾಗಿದೆ" ಎಂದ ಸರ್ವೇಯರ್. "ಅವರಿಗೆ ಒಂಬತ್ತು ಹೊಡೆದಿದ್ದೆ. ನಿಮಗೂ ಒಂಬತ್ತು ಹೊಡೆದೆ. ಹತ್ತು ಹೊಡೆದಿದ್ದರೆ ಅವರಿಗೆ ಅನ್ಯಾಯವಾಗುತ್ತಿತ್ತು."

ದರ್ಜಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನು ಸರ್ವೇಯರನ ಕೈಯಲ್ಲಿದ್ದ ಬ್ಯಾಟಿನ ಕಡೆ ಬೆರಳು ತೋರಿಸಿದ.

"ನನ್ನ ತಂಡದ ಬ್ಯಾಟು ಕೈಲಿ ಹಿಡ್ಕೊಂಡು, ನನ್ನ ಎದುರಿಗೆ ನಿಂತು, ಅವರಿಗೆ ಅನ್ಯಾಯ ಆಗ್ಬಾರ್ದು ಅಂತ ಯೋಚಿಸ್ತಿದ್ರಾ? ಅವರ ಯೋಚನೆ ಮಾಡೋಕೆ ಅವರೈದು ಜನ ಇದ್ರಲ್ರೀ!"

ಕುಣಿತ ನಿಂತಿತು. ಬೇಕರಿಯವನು ಹತ್ತಿರ ಬಂದ. ಗೆದ್ದವನಾದರೂ ತನ್ನ ಕೈ ಕುಲುಕಲು ಬರುತ್ತಾನೆ ಎಂದುಕೊಂಡು ಸರ್ವೇಯರ್ ಕೈ ಮುಂದೆ ಚಾಚಿದ. ಬೇಕರಿಯವನು ಆ ಕೈಯನ್ನು ನೋಡಲೂ ಇಲ್ಲ.

"ಏಳು ವರ್ಷದಿಂದಲೂ ಹಿಂಗೇನಾ?"

"ಒಂದು ರನ್ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ" ಎಂದ ಸರ್ವೇಯರ್.

"ಹಂಗಾದ್ರೆ ಅದರಲ್ಲಿ ನಾನು ಗೆದ್ದಿದ್ದು ಯಾವುದು, ನೀವು ಕೈ ಕಟ್ಕೊಂಡು ನಿಂತು ಗೆಲ್ಲಿಸಿದ್ದು ಯಾವುದು? ಹೇಳ್ರೀ!"

ಸರ್ವೇಯರ್ ಬೆರಳು ಮಡಿಚಿ ಎಣಿಸತೊಡಗಿ ನಡುವೆಯೇ ಕೈಬಿಟ್ಟ. ಇದೊಂದಕ್ಕೆ ಅವನ ಬಳಿ ಅಳತೆ ಇರಲಿಲ್ಲ.

ಬೇಕರಿಯವನು ಹೆಗಲ ಮೇಲಿನ ಟವೆಲನ್ನು ಕುಡಿಯುವ ನೀರಿನಲ್ಲಿ ಅದ್ದಿಕೊಂಡು ಗೋಡೆಯ ಬಳಿಗೆ ಹೋದ. ತನ್ನ ಹೆಸರನ್ನು ಒಂದೊಂದಾಗಿ ಉಜ್ಜತೊಡಗಿದ. ಕೆಮ್ಮಣ್ಣು ಇಳಿದು ಗೋಡೆಯೆಲ್ಲ ರಾಡಿಯಾಯಿತು. ದರ್ಜಿ ಓಡಿ ಹೋಗಿ ಅವನ ರಟ್ಟೆ ಹಿಡಿದ.

"ಬಿಡೋ, ಹುಚ್ಚಾ. ನೀನು ಗೆದ್ದಿದ್ದು ಗೆದ್ದಿದ್ದೇ."

"ಯಾವುದು ಅಂತ ಗೊತ್ತಿದ್ರೆ ಅದೊಂದನ್ನ ಬಿಡ್ತಿದ್ದೆ ಕಣೋ" ಎಂದ ಬೇಕರಿಯವನು. ಏಳನ್ನೂ ಒರೆಸಿದ. ಎಂಟನೆಯದನ್ನು ಬರೆಯಲು ಯಾರೂ ಕುಂಚ ಎತ್ತಲಿಲ್ಲ.

ಸರ್ವೇಯರ್ ಕುದಿಯುತ್ತ ಮನೆಗೆ ಹೋದ. ಎಂಥ ಜನ ಇವರು! ನ್ಯಾಯ ಬೇಕು ಎನ್ನುತ್ತಾರೆ, ಕೊಟ್ಟರೆ ಮುಖಕ್ಕೆ ಎಸೆಯುತ್ತಾರೆ. ಸೋತವನಿಗೆ ಸಿಟ್ಟು ಬಂದರೆ ಅರ್ಥ ಮಾಡಿಕೊಳ್ಳಬಹುದು. ಗೆದ್ದವನಿಗೇನಾಗಿತ್ತು? ತಾನು ಲಂಚ ತಿಂದನೇ? ಸುಳ್ಳು ಹೇಳಿದನೇ? ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಕೊಟ್ಟನೇ? ಅವನು ಮತ್ತೆ ಮತ್ತೆ ತನ್ನನ್ನು ವಿಚಾರಣೆ ಮಾಡಿಕೊಂಡ. ಪ್ರತಿ ಸಲವೂ ನಿರ್ದೋಷಿಯಾಗಿ ಹೊರಬಂದ. ವರ್ಷವೆಲ್ಲ ದಾರಿಯಲ್ಲಿ ಆ ಗೆಳೆಯರು ಸಿಕ್ಕರೆ ಮುಖ ತಿರುಗಿಸಿ ನಡೆದ. ಅವರೇ ಬಂದು ತಪ್ಪಾಯಿತು ಎನ್ನಲಿ ಎಂದು ಕಾದ.

ಮತ್ತೆ ಬೇಸಿಗೆ ಬಂತು. ಯಾರೂ ಕರೆಯಲು ಬರಲಿಲ್ಲ. ಎರಡು ಭಾನುವಾರ ತಡೆದುಕೊಂಡ. ಮೂರನೆಯ ಭಾನುವಾರ ತಾನೇ ಜಿನ್ನಿನ ಗೇಟಿನ ಬಳಿಗೆ ಹೋದ. ಒಳಗೆ ಹತ್ತು ಜನ ಆಡುತ್ತಿದ್ದರು. ಬ್ಯಾಟು ದರ್ಜಿಯ ಕೈಯಲ್ಲಿತ್ತು. ಅವನಿಗೆ ಚೆಂಡು ಕಾಣುತ್ತಿರಲಿಲ್ಲ. ತೂತುಗಳಲ್ಲಿ ಗಾಳಿ ಹೊಕ್ಕು ಬರುವ ಸದ್ದಿಗೆ ಕಿವಿಗೊಟ್ಟು ಬೀಸುತ್ತಿದ್ದ. ಮೂರು ಸಲ ಬೀಸಿದ, ಮೂರು ಸಲವೂ ಬ್ಯಾಟಿಗೆ ಗಾಳಿ ಮಾತ್ರ ಸಿಕ್ಕಿತು. ನಾಲ್ಕನೆಯ ಸಲ ಅಂಚಿಗೆ ತಗುಲಿತು. "ಓಡೋ, ಓಡೋ, ನೇರಕ್ಕೆ ಓಡೋ!" ಎಂದು ಎದುರು ತಂಡದವರೇ ದಾರಿ ಹೇಳಿ ಓಡಿಸಿದರು. ಹಾಗೆ ಓಡಿಸುತ್ತಲೇ ಚೆಂಡು ಎಸೆದು ಔಟ್ ಮಾಡಿದರು. ಔಟಾದ ದರ್ಜಿ ಬೈಯುತ್ತ, ನಗುತ್ತ ಹೊರಗೆ ಬಂದ.

ಸರ್ವೇಯರನ ರಕ್ತ ಕುದಿಯಿತು. ಕಣ್ಣು ಕಾಣದವನನ್ನು ಆಡಿಸುತ್ತಾರೆ, ಕಣ್ಣಿದ್ದವನನ್ನು ಹೊರಗಿಡುತ್ತಾರೆ!

ಬೇಕರಿಯವನು ಅವನನ್ನು ಕಂಡು ಒಂದು ಕುರ್ಚಿ ತಂದು ನೆರಳಿನಲ್ಲಿ ಹಾಕಿದ.

"ಬನ್ನಿ ಸಾಹೇಬ್ರೇ, ಕೂತು ನೋಡಿ."

"ನನಗೆ ಆಟದಲ್ಲಿ ಜಾಗವಿಲ್ಲವೇ?"

"ಐದೈದು ಸರಿಯಾಗಿದೆಯಲ್ಲ" ಎಂದ ಬೇಕರಿಯವನು. "ಸರಿಸಮ ಅಂದ್ರೆ ನಿಮಗೂ ಇಷ್ಟ ತಾನೇ?"

ಸರ್ವೇಯರ್ ಕುರ್ಚಿಯನ್ನು ಮುಟ್ಟದೆ ತಿರುಗಿ ನಡೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪೇರಿತ್ತು. ಇಷ್ಟು ಹೊತ್ತು ತಡೆದುಕೊಂಡದ್ದೆಲ್ಲ ಒಟ್ಟಿಗೆ ಹೊರಬಂತು.

"ಇದು ಶುದ್ಧ ಅನ್ಯಾಯ ಗುರುಗಳೇ! ಅವನು ಅವರ ಕಡೆಗೂ ವಾಲಲಿಲ್ಲ, ಇವರ ಕಡೆಗೂ ವಾಲಲಿಲ್ಲ. ಆ ಬಯಲಿನಲ್ಲಿ ಯಾವ ತಂಡಕ್ಕೂ ಸೇರದೆ ಆಡಿದವನು ಅವನೊಬ್ಬನೇ!"

ಗುರುಗಳು ಹೇಳಿದರು:

"ಅಲ್ಲಿ ಮೂರನೆಯ ತಂಡವೊಂದಿತ್ತು ಮಗೂ, ಅದರಲ್ಲಿ ಅವನೊಬ್ಬನೇ ಇದ್ದ, ಮತ್ತು ಎಂಟು ಬೇಸಿಗೆಯಲ್ಲಿ ಅದು ಒಂದೇ ಒಂದು ಆಟವನ್ನೂ ಸೋಲಲಿಲ್ಲ."