ಅಡವೀಶ ಹೆಂಡತಿಯ ಕೈ ಬಿಡದೆ ಹೋಟೆಲಿಗೆ ಹೋದದ್ದು

ಯಾರಾದರೂ ಮಾತಾಡಲು ಬಾಯಿ ತೆರೆದರೆ ಸಾಕು, ಅಡವೀಶ ಸೊಂಟ ಬಗ್ಗಿಸಿ ತನ್ನ ಬಲಗಿವಿಯನ್ನು ಅವರ ಬಾಯಿಯ ಹತ್ತಿರ ತಂದಿಡುತ್ತಿದ್ದ. ಚಿಕ್ಕವನಿದ್ದಾಗ ಅವನವ್ವ ಸಿದ್ದಗಂಗಮ್ಮ "ಹೇಳಿದ್ದನ್ನ ಕಿವಿಗೊಟ್ಟು ಕೇಳೋ" ಅಂದಿದ್ದಳು. ಅಂದಿನಿಂದ ಕೊಡುತ್ತಲೇ ಇದ್ದ. ಮದುವೆಯಾಗಿ ಮೂರು ತಿಂಗಳಾದರೂ ಕೊಡುವುದು ನಿಂತಿರಲಿಲ್ಲ. ಹೆಂಡತಿ ದಾಕ್ಷಾಯಣಿ ಕೆಮ್ಮಿದರೂ ಕಿವಿ ಹಾಜರು!

ಒಂದು ಸಂಜೆ ಗಾಳಿ ಎದ್ದಿತು. ಅವ್ವ ಹಿತ್ತಲಿನಿಂದ ಕೂಗಿದಳು, "ದೇವರ ಮುಂದಿನ ದೀಪ ದೊಡ್ಡದು ಮಾಡೋ!"

ಅಡವೀಶ ಸೌಟುಗಟ್ಟಲೆ ಎಣ್ಣೆ ಸುರಿದ. ಬತ್ತಿ ಎಳೆದ. ಇನ್ನೂ ನಾಲ್ಕು ಬತ್ತಿ ಸೇರಿಸಿದ. ದೀಪ ದೊಡ್ಡದಾಯಿತು. ಗೋಡೆಯ ಮೇಲಿನ ಕ್ಯಾಲೆಂಡರ್ ಭಗ್ಗಂತ ಹತ್ತಿಕೊಂಡಿತು.

"ಅಯ್ಯೋ ನನ್ನ ಹಣೆಬರಹವೇ! ಆರಿಸು ಅನ್ನೋದು ಅಪಶಕುನ ಅಂತ ದೊಡ್ಡದು ಮಾಡು ಅಂದೆ ಕಣೋ ಪೆದ್ದೇ! ದೊಡ್ಡದು ಮಾಡು ಅಂದ್ರೆ ಆರಿಸಬೇಕು!"

"ಆಗಲವ್ವ. ಇನ್ಮೇಲೆ ಹಾಗೇ ಮಾಡ್ತೀನಿ."

ದಾಕ್ಷಾಯಣಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅವಳಿಗೊಂದು ಆಸೆ ಇತ್ತು. ಆ ಮನೆಯಲ್ಲಿ ಗಂಡಸು ಉಂಡೆದ್ದ ಮೇಲೆ ಹೆಂಗಸರ ಊಟ. ಅಷ್ಟರಲ್ಲಿ ಮುದ್ದೆ ಕಲ್ಲು, ಸಾರು ತಣ್ಣೀರು. ಒಂದೇ ಒಂದು ಸಲ ಗಂಡನ ಎದುರು ಕೂತು, ಬಿಸಿಬಿಸಿಯಾಗಿ, ಇಬ್ಬರೂ ಒಟ್ಟಿಗೆ ಉಣ್ಣಬೇಕು! ಅಳುಕುತ್ತಲೇ ಅತ್ತೆಗೆ ಹೇಳಿದಳು.

"ಮೂವತ್ತು ವರ್ಷ ನಾನೂ ತಣ್ಣಗಿನದ್ದೇ ಉಂಡೆ ಕಣಮ್ಮ," ಅಂದಳು ಸಿದ್ದಗಂಗಮ್ಮ. "ಹೋಗಿ, ತುಮಕೂರಿನ ದೊಡ್ಡ ಹೋಟ್ಲಿಗೇ ಹೋಗಿ. ಆದ್ರೆ ಇವನು ಅಲ್ಲಿ ಮಾನ ಕಳೆದ್ನೋ, ಇದೇ ಮೊದಲು, ಇದೇ ಕೊನೆ!" ಮಗನಿಗೂ ಒಂದು ಮಾತು ಹೇಳಿದಳು: "ಏನೇ ಆಗಲಿ, ಹೆಂಡತಿ ಕೈ ಬಿಡಬೇಡ ಕಣೋ."

ಹಿಡಿದ! ಬಸ್ಸಿನಲ್ಲಿ ಬಿಡಲಿಲ್ಲ. ಹೋಟೆಲಿನ ಗಾಜಿನ ಬಾಗಿಲಲ್ಲಿ ಬಿಡಲಿಲ್ಲ. ಮೆತ್ತನೆ ಕುರ್ಚಿಗಳಲ್ಲಿ ಎದುರುಬದುರು ಕೂತರೂ ಅವಳ ಬಲಗೈ ಬಿಡಲಿಲ್ಲ. ಸೂಪು ಬಂತು, ಹಬೆಯಾಡಿತು, ಆರಿತು.

"ಕೈ ಬಿಡ್ರೀ! ಯಾವ ಕೈಲಿ ತಿನ್ನಲಿ?"

"ಅವ್ವ ಬಿಡಬೇಡ ಅಂದಿದ್ದಾಳೆ."

"ಅಯ್ಯೋ ದೇವರೇ! ಕೈ ಬಿಡಬೇಡ ಅಂದ್ರೆ ನನ್ನನ್ನ ಚೆನ್ನಾಗಿ ನೋಡ್ಕೊಳ್ಳಿ ಅಂತ!"

ಬಿಟ್ಟ. ರೆಪ್ಪೆ ಬಡಿಯದೆ ಅವಳನ್ನೇ ನೋಡತೊಡಗಿದ! ಅಲ್ಲಿ ಮಬ್ಬು ಬೆಳಕು, ಮೇಜಿಗೊಂದು ಮೇಣದಬತ್ತಿ.

"ಚೆನ್ನಾಗಿ ಕಾಣ್ತಿಲ್ಲ ದಾಕ್ಷಾ."

ಅವಳ ಕೆನ್ನೆ ಬಿಸಿಯಾಯಿತು. "ಹಾಗಾದ್ರೆ ದೀಪ ದೊಡ್ಡದು ಮಾಡಿ," ಅಂದುಬಿಟ್ಟಳು.

ಉಫ್! ಅವರ ಮೇಜು ಕತ್ತಲು. ಉಫ್! ಪಕ್ಕದ ಮೇಜು ಕತ್ತಲು. ಉಫ್ ಉಫ್ ಉಫ್! ಸಪ್ಲೈಯರ್‌ಗಳು ಬೆಂಕಿಪೊಟ್ಟಣ ಹಿಡಿದು ಓಡಿಬಂದರು. ಸುತ್ತಲಿನವರು ಗೊಣಗಿದರು.

ದಾಕ್ಷಾಯಣಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಲ್ಲು ಕಚ್ಚಿ ಪಿಸುಗುಟ್ಟಿದಳು, "ನೀವಾಗಿ ಏನೂ ಮಾಡಬೇಡಿ! ಇಲ್ಲಿ ಗೊತ್ತಿರೋರು ಹೇಗೆ ನಡ್ಕೊಳ್ತಾರೋ ನೋಡಿ, ಹಾಗೇ ನಡ್ಕೊಳ್ಳಿ!"

ಅಡವೀಶ ಸುತ್ತ ನೋಡಿದ. ಎಲ್ಲ ಗೊತ್ತಿರುವವನ ಹಾಗೆ ಕಂಡವನು ಒಬ್ಬನೇ, ಕಪ್ಪು ಕೋಟಿನ ಸಪ್ಲೈಯರ್. ಅಡವೀಶ ಎದ್ದ. ಮೇಜಿನ ಮೇಲಿದ್ದ ಕೈ ಒರೆಸುವ ಬಿಳಿ ಬಟ್ಟೆಯನ್ನು ಅವನ ಹಾಗೇ ಮುಂಗೈ ಮೇಲೆ ಇಳಿಬಿಟ್ಟ. ಹೆಂಡತಿಯ ಪಕ್ಕ ನಿಂತು ಬಾಗಿದ.

"ಏನು ಬಡಿಸಲಿ ಮೇಡಂ?"

"ಕೂತ್ಕೊಳ್ರೀ!"

ಕೂರಲಿಲ್ಲ. ಬಂದ ತಟ್ಟೆಯನ್ನು ಸಪ್ಲೈಯರ್ ಕೈಯಿಂದ ತಾನೇ ತೆಗೆದುಕೊಂಡ. ನಾನ್ ಹಾಕಿದ, ಕುರ್ಮಾ ಬಡಿಸಿದ, ನೀರು ಕೊಟ್ಟ. ಅವಳು ತಲೆ ತಗ್ಗಿಸಿ ಒಂದು ತುತ್ತು ಬಾಯಿಗಿಟ್ಟಳು. ಬಿಸಿ! ಮೂರು ತಿಂಗಳಲ್ಲಿ ಮೊದಲ ಬಿಸಿ ತುತ್ತು!

ಪಕ್ಕದ ಮೇಜಿನ ದಪ್ಪ ಜರಿಯ ಸೀರೆಯಾಕೆ ಗಂಡನನ್ನು ತಿವಿದಳು. "ನೋಡ್ರೀ! ಹೆಂಡ್ತೀನ ಕೂರಿಸಿ ಬಡಿಸ್ತಿದ್ದಾರೆ! ನೀವೂ ಇದೀರ, ಬರೀ ಮೀಸೆಗೆ ಸಾರು ಹಚ್ಕೊಂಡು! ಏಳಿ ಮೇಲೆ!"

ಆ ಗಂಡ ಎದ್ದ. ಆಚೆ ಮೇಜಿನಲ್ಲಿ ಇನ್ನೊಬ್ಬ ಎದ್ದ. ಮೂಲೆಯಲ್ಲಿದ್ದ ಮುದುಕರೊಬ್ಬರು ಕೋಲೂರಿ ಎದ್ದು ಅಜ್ಜಿಗೆ ಉಪ್ಪಿನಕಾಯಿ ಬಡಿಸಿದರು. ಗಂಡಸರೆಲ್ಲ ನಿಂತರು, ಹೆಂಗಸರೆಲ್ಲ ಉಂಡರು, ಸಪ್ಲೈಯರ್‌ಗಳು ಕೈಕಟ್ಟಿ ಗೋಡೆಗೆ ಒರಗಿದರು!

ದಾಕ್ಷಾಯಣಿ ತಲೆ ಎತ್ತಿದಳು. "ಇನ್ನೊಂದು ನಾನ್," ಅಂದಳು, ಸ್ವಲ್ಪ ಗಟ್ಟಿಯಾಗಿಯೇ.

ಹೊರಡುವಾಗ ಬಾಗಿಲಲ್ಲಿ ಅವಳಿಗೆ ಥಟ್ಟನೆ ಹೊಳೆಯಿತು. "ರೀ, ನೀವು ಉಣ್ಣಲೇ ಇಲ್ಲ!"

"ಆ ಕಪ್ಪು ಕೋಟಿನವನೂ ಉಣ್ಣಲಿಲ್ಲವಲ್ಲ!"

ಅವಳ ಮುಖ ಬಾಡಿತು. ಬಿಸಿಯಾಗಿ ಉಂಡದ್ದಾಯಿತು. ಒಟ್ಟಿಗೆ ಉಣ್ಣುವುದು ಉಳಿದೇಹೋಯಿತು.

ಮ್ಯಾನೇಜರ್ ಕೈಮುಗಿದ. "ಮತ್ತೆ ಬನ್ನಿ ಸಾರ್."

ಅಡವೀಶ ಮೆಟ್ಟಿಲಿಳಿದ. ಗಿರಕ್ಕನೆ ತಿರುಗಿದ. ಮೆಟ್ಟಿಲು ಹತ್ತಿದ. ಅದೇ ಮೇಜು, ಅದೇ ಕುರ್ಚಿ.

"ಬಂದೆ!"

ದಾಕ್ಷಾಯಣಿ ಬೈಯಲೆಂದೇ ಒಳಗೆ ನುಗ್ಗಿದಳು. ಗಂಡನ ಎದುರಿನ ಕುರ್ಚಿ ಖಾಲಿ ಇತ್ತು. ಬೈಗುಳ ನುಂಗಿ ಕೂತಳು.

"ಎರಡು ತಟ್ಟೆ ತನ್ನಿ. ಬಿಸಿಯಾಗಿರಲಿ."

ಬಂದವು. ಅವನೊಂದು ತುತ್ತು, ಅವಳೊಂದು ತುತ್ತು. ಇಬ್ಬರ ಕೆನ್ನೆಗಳೂ ಉಬ್ಬಿದವು. ಮ್ಯಾನೇಜರ್ ಹಣೆ ಒರೆಸಿಕೊಳ್ಳುತ್ತ ಬಂದು, ಬಾಯಿ ತುಂಬ ನಾನ್ ಇಟ್ಟುಕೊಂಡಿದ್ದ ದಾಕ್ಷಾಯಣಿಯ ಮುಂದೆ ಬಗ್ಗಿದ.

"ತಾಯೀ, ಬಂದೋರಿಗೆ ಹೋಗಿ ಅನ್ನೋಕೆ ನನಗೆ ಬಾಯಿ ಬರಲ್ಲ. ಬನ್ನಿ ಅಂದ್ರೆ ಇವರು ಬಂದೇ ಬಿಡ್ತಾರೆ. ಈ ಸಲ ಬಾಗಿಲಲ್ಲಿ ಏನನ್ನಲಿ? ದಯವಿಟ್ಟು ನೀವೇ ಒಂದು ಮಾತು ಹೇಳಿಕೊಡಿ!"